ಆನರ್ಸ್ ಡಿಸರ್ಟೇಶನ್: ವಿಷಯ ದೊಡ್ಡದಾಯ್ತು, ರೀಡಿಂಗ್ ಕೆಟ್ಟೋಯ್ತು, ಗೈಡ್ ಸಿಗ್ತಿಲ್ಲ

ಅಡ್ಮಿನ್: ನಾಲ್ಕನೇ ವರ್ಷದ ಆನರ್ಸ್ ಪ್ರಾಜೆಕ್ಟ್ ಬಗ್ಗೆ ತುಂಬಾ ಜನ ಕೇಳ್ತಿದ್ದೀರಿ. ಇವತ್ತು ಉತ್ತರ ಕೊಡೋಕೆ ಒಬ್ಬರು ಮೇಡಂ ಒಪ್ಪಿದ್ದಾರೆ. ಬೆಂಗಳೂರಲ್ಲೇ ರಸಾಯನಶಾಸ್ತ್ರ ಪಾಠ ಮಾಡ್ತಾರೆ, ಎಲ್ಲ ವಿಭಾಗದ ವೈವಾ (ಮೌಖಿಕ ಪರೀಕ್ಷೆ) ಕಮಿಟಿಯಲ್ಲೂ ಕೂರ್ತಾರೆ. ಕಾಲೇಜಿನ ಹೆಸರು, ಗೈಡ್ ಹೆಸರು ಯಾರೂ ಹಾಕಬೇಡಿ.

ಪ್ರಶ್ನೆ (ಒಬ್ಬ ತಂದೆ, ಕೆಂಗೇರಿ): ನಮಸ್ಕಾರ ಮೇಡಂ. ಮಗಳು 2023ರಲ್ಲಿ ಬಿ.ಎಸ್ಸಿ. ಸೇರಿದವಳು. ನಾಲ್ಕನೇ ವರ್ಷ ಮಾಡಿಸೋದಾ, ಸೀದಾ ಎಂ.ಎಸ್ಸಿ.ಗೆ ಕಳಿಸೋದಾ?

ಉತ್ತರ: ನಮಸ್ಕಾರ ಸರ್. ನಮ್ಮ ರಾಜ್ಯ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಬಂತು. ಅದಕ್ಕೆ ಮುಂಚೆ ಸೇರಿದವರಿಗೆ ನಾಲ್ಕನೇ ವರ್ಷದ ಆಯ್ಕೆ ಉಳಿದಿದೆ. ಯುಜಿಸಿಯ 2022ರ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಬಂದವರು ಸಂಶೋಧನೆ ಸಹಿತ ಆನರ್ಸ್ ತಗೋಬಹುದು. ಅದರಲ್ಲಿ 12 ಕ್ರೆಡಿಟ್ ಡಿಸರ್ಟೇಶನ್‌ಗೇ, ಅಂದ್ರೆ ಸಂಶೋಧನಾ ಪ್ರಬಂಧಕ್ಕೇ ಹೋಗುತ್ತೆ. ಅಷ್ಟು ಬರದವರು ಅದರ ಬದಲು ಪೇಪರ್ ಓದಿ ಬರೀ ಆನರ್ಸ್ ಪಡೀತಾರೆ. ನಾಲ್ಕು ವರ್ಷಕ್ಕೆ ಶೇ. 75 ಇದ್ದರೆ ಎಂ.ಎಸ್ಸಿ. ಇಲ್ಲದೆ ಪಿಎಚ್‌.ಡಿ.ಗೂ ಅರ್ಜಿ ಹಾಕಬಹುದು. ಪಿಎಚ್‌.ಡಿ. ಆಸೆ ಇಲ್ಲ ಅಂದ್ರೆ ನಾನಂತೂ ಎಂ.ಎಸ್ಸಿ.ಗೆ ಕಳಿಸಿ ಅಂತೀನಿ. ಒಂದೇ ವಿಷಯದ ಬೆನ್ನು ಹತ್ತಿ ವರ್ಷವಿಡೀ ಕೂರೋ ಸ್ವಭಾವ ಇದೆಯಾ ಅಂತ ಮಗಳನ್ನೇ ಕೇಳಿ ಸರ್, ನನಗಿಂತ ಅವಳಿಗೆ ಗೊತ್ತು.

ಪ್ರಶ್ನೆ (ಬಿ.ಎ. ಇತಿಹಾಸ, ವಿಜಯನಗರ): ನನ್ನ ವಿಷಯ ‘ಬೆಂಗಳೂರಿನ ಕೆರೆಗಳ ಇತಿಹಾಸ’. ತುಂಬಾ ದೊಡ್ಡದಾಯ್ತು ಅಂತ ಎರಡು ಸಲ ಗೈಡ್ ಸಿನಾಪ್ಸಿಸ್ (ಪ್ರಬಂಧದ ರೂಪುರೇಷೆ) ವಾಪಸ್ ಕಳಿಸಿದ್ರು. ಹೇಗೆ ಚಿಕ್ಕದು ಮಾಡೋದು ಮೇಡಂ?

ಉತ್ತರ: ಗೈಡ್ ಹೇಳಿದ್ದು ಸರಿ ಕಣಮ್ಮ. ಕೆರೆಗಳ ಇತಿಹಾಸ ಅಂದ್ರೆ ಒಂದು ಆಯಸ್ಸು ಸಾಲದು, ನಿನ್ನ ಹತ್ತಿರ ಇರೋದು ಎರಡು ಸೆಮಿಸ್ಟರ್.

ಇತಿಹಾಸ ನನ್ನ ವಿಷಯ ಅಲ್ಲ, ವೈವಾದಲ್ಲಿ ಕೂತು ಕಲಿತಿದ್ದು ಹೇಳ್ತೀನಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಅಂಗಳದಲ್ಲಿ, ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆಯಲ್ಲಿ. ಇಷ್ಟನ್ನು ಆಟೋದವರೂ ಹೇಳ್ತಾರೆ. ಪ್ರಬಂಧ ಶುರುವಾಗೋದು ಇದರ ಮುಂದಿನ ಪ್ರಶ್ನೆಯಿಂದ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಊರಿಗೆ ಕುಡಿಯೋಕೆ ಕೆರೆ ಬೇಡವಾಯ್ತು. ಆದರೆ ತೋಟದವರಿಗೆ, ಬಟ್ಟೆ ಒಗೆಯೋರಿಗೆ, ದನ ಮೇಯಿಸೋರಿಗೆ? ‘ನಲ್ಲಿ ನೀರು ಬಂದ ಮೇಲೆ ಸಂಪಂಗಿ ಕೆರೆ ಯಾರಿಗೆ ಬೇಕಿತ್ತು, ಯಾರಿಗೆ ಬೇಡವಾಗಿತ್ತು?’ ಒಂದು ಕೆರೆ, ನಲವತ್ತು ವರ್ಷ, ಸಾಕು. ಸ್ಟೇಡಿಯಂ ಪಕ್ಕ ಇನ್ನೂ ಒಂದು ಚಿಕ್ಕ ಕೊಳ ಉಳಿದಿದೆ, ಕರಗದ ಹೊತ್ತಲ್ಲಿ ಅಲ್ಲಿ ಪೂಜೆ ನಡೆಯುತ್ತೆ. ಒಂದು ಸಲ ಹೋಗಿ ನೋಡು.

ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಹಳೇ ಕಡತಗಳಿವೆ. ಕಾಲೇಜಿಂದ ಪತ್ರ, ಗುರುತಿನ ಚೀಟಿ ತಗೊಂಡು ಹೋಗು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಿಂದ ಇದೆ, ಅಲ್ಲಿನ ಲೈಬ್ರರಿ ಬಿಡಬೇಡ. ಕೆರೆ ಕಟ್ಟಿಸಿದ ಶಾಸನ ಬೇಕಂದ್ರೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ, ಅದು ಬೆಂಗಳೂರು ಜಿಲ್ಲೆಯದು. ಮೊದಲು ಒಂದು ವಾರ ಕಡತ ನೋಡು, ಆಮೇಲೆ ಶೀರ್ಷಿಕೆ ಇಡು. ಕಡತ ನೋಡದೆ ಶೀರ್ಷಿಕೆ ಇಡೋದು ಹುಡುಗಿ ನೋಡೋಕೆ ಮುಂಚೆ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಾಗೆ.

ಅದೇ ವಿದ್ಯಾರ್ಥಿನಿ: ಥ್ಯಾಂಕ್ಸ್ ಮೇಡಂ! ಚಾಟ್‌ಜಿಪಿಟಿ ಎಂಟು ಪುಸ್ತಕದ ಹೆಸರು ಕೊಟ್ಟಿತ್ತು. ಮೂರು ಎಲ್ಲೂ ಸಿಗ್ತಿಲ್ಲ, ಔಟ್ ಆಫ್ ಪ್ರಿಂಟ್ ಇರಬಹುದಾ?

ಉತ್ತರ: ಹುಟ್ಟೇ ಇರಲ್ಲ ತಾಯಿ ಅವು. ಲೇಖಕರು ನಿಜ, ಪುಸ್ತಕ ಸುಳ್ಳು, ಇಂಥದ್ದನ್ನ ವೈವಾದಲ್ಲಿ ಹಿಡಿದು ಹಿಡಿದು ಬೇಜಾರಾಗಿದೆ. ಶೋಧಗಂಗಾದಲ್ಲಿ (ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹ) ಹುಡುಕು, ಕನ್ನಡದಲ್ಲೇ ಬರೆದ ಪಿಎಚ್‌.ಡಿ. ಪ್ರಬಂಧಗಳೂ ಸಿಗ್ತವೆ. ಕೈಯಲ್ಲಿ ಹಿಡಿದು ಓದದ ಪುಸ್ತಕ ನಿನ್ನ ಪಟ್ಟಿಯಲ್ಲಿ ಇರಬಾರದು.

ಪ್ರಶ್ನೆ (ಬಿ.ಕಾಂ., ಯಶವಂತಪುರ): ‘ಸಣ್ಣ ವ್ಯಾಪಾರಿಗಳ ಮೇಲೆ ಯುಪಿಐ ಪರಿಣಾಮ’ ನನ್ನ ಟಾಪಿಕ್. ಗೂಗಲ್ ಫಾರ್ಮ್‌ಗೆ 112 ರೆಸ್ಪಾನ್ಸ್ ಬಂದಿದೆ. ಸಾಕಾ?

ಉತ್ತರ: ತುಂಬಿದವರು ಯಾರಪ್ಪ?

ಅದೇ ವಿದ್ಯಾರ್ಥಿ: ಕ್ಲಾಸ್‌ಮೇಟ್ಸ್, ಅವರ ಫ್ರೆಂಡ್ಸ್... ವ್ಯಾಪಾರಿಗಳು ಒಂದು ಆರು ಜನ ಇರಬಹುದು.

ಉತ್ತರ: ಹಾಗಾದ್ರೆ ನಿನ್ನ ಹತ್ತಿರ ಇರೋದು ಆರು. ಉಳಿದ 106 ಜನ ಗಿರಾಕಿಗಳು, ವ್ಯಾಪಾರಿಗಳ ಬಗ್ಗೆ ಅವರ ಊಹೆ ನಿನಗೆ ಯಾಕೆ? ಕೆ.ಆರ್. ಮಾರ್ಕೆಟ್ ಹೂವಿನವರ ಹತ್ತಿರ ಹೋಗು, ಇಪ್ಪತ್ತು ಜನರನ್ನ ಮಾತಾಡಿಸು. ಫಾರ್ಮ್ ಬೇಡ, ಒಂದು ನೋಟ್‌ಬುಕ್ ಸಾಕು. ವ್ಯಾಪಾರ ಜೋರಿರೋವಾಗ ಹೋದ್ರೆ ಬೈಸ್ಕೋತೀಯ, ಸ್ವಲ್ಪ ಬಿಡುವಾದ ಮೇಲೆ ಹೋಗು. ಯಾಕೆ ಕೇಳ್ತಿದ್ದೀನಿ ಅಂತ ಮೊದಲೇ ಹೇಳಿ ಒಪ್ಪಿಗೆ ತಗೋ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಯವರು ಸ್ಕ್ಯಾನರ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ರಲ್ಲ. ಆಗ ಇವರೇನು ಮಾಡಿದ್ರು, ಈಗೇನು ಮಾಡ್ತಿದ್ದಾರೆ ಅಂತ ಕೇಳು. ‘ಇನ್‌ಕಮ್ ಎಷ್ಟು’ ಅಂತ ಮೊದಲ ಪ್ರಶ್ನೆ ಇಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತೆ, ನಿನ್ನನ್ನೇ ತೆರಿಗೆಯವನು ಅಂದ್ಕೋತಾರೆ. ಕೊನೇಲಿ ‘ನಾನು ಮಾತಾಡಿಸಿದ ಇಪ್ಪತ್ತು ಜನರಲ್ಲಿ’ ಅಂತಲೇ ಬರಿ. ‘ಬೆಂಗಳೂರಿನ ವ್ಯಾಪಾರಿಗಳು’ ಅಂತ ಬರೆದರೆ ವೈವಾದಲ್ಲಿ ನಾನೇ ಬಿಡಲ್ಲ.

ಪ್ರಶ್ನೆ (ಕನ್ನಡ ಐಚ್ಛಿಕ): ಪ್ರಬಂಧನ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆ. ನಕಲು ಹಿಡಿಯೋ ಸಾಫ್ಟ್‌ವೇರ್‌ನಲ್ಲಿ ಸಿಮಿಲಾರಿಟಿ (ಬೇರೆ ಬರಹದ ಜೊತೆ ಹೋಲಿಕೆ) ಶೇ. 0 ಬಂದಿದೆ. ಖುಷಿಪಡಲಾ?

ಉತ್ತರ: ಬೇಡ. ಹಳೇ ನುಡಿ ಫಾಂಟ್‌ನ ಅಕ್ಷರ ಆ ಸಾಫ್ಟ್‌ವೇರ್ ಕಣ್ಣಿಗೆ ಕನ್ನಡವೇ ಅಲ್ಲ, ಹಾಗಾಗಿ ಸೊನ್ನೆ. ಯುನಿಕೋಡ್‌ಗೆ ಬದಲಾಯಿಸಿ ಮತ್ತೆ ಹಾಕಿ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತೆ, ಒಮ್ಮೆ ಪೂರ್ತಿ ಓದಿ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗೆ ತೊಂದರೆ ಇಲ್ಲ.

ಪ್ರಶ್ನೆ (ಹೆಸರು ಬೇಡ): ಗೈಡ್ ಮೇಲ್ ನೋಡಲ್ಲ, ಫೋನ್ ಎತ್ತಲ್ಲ. ಎರಡು ತಿಂಗಳಾಯ್ತು.

ಉತ್ತರ: ಅವರು ಮಾಡ್ತಿರೋದು ತಪ್ಪು. ‘ಸರ್ ನೋಡಿ’ ಅಂತ ನಲವತ್ತು ಪುಟ ಕಳಿಸೋದು ಬಿಟ್ಟು ಎರಡು ಪುಟ ಪ್ರಿಂಟ್ ತಗೊಂಡು ಸ್ಟಾಫ್ ರೂಮಿಗೆ ಹೋಗಿ, ಒಂದೇ ಪ್ರಶ್ನೆ ಕೇಳಿ. ಕಳಿಸಿದ ತಾರೀಖುಗಳನ್ನ ಬರೆದಿಟ್ಟುಕೊಳ್ಳಿ. ಆಮೇಲೂ ಆಗಲಿಲ್ಲ ಅಂದ್ರೆ ಆ ಪಟ್ಟಿ ಹಿಡಿದು ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಹೋಗಿ.

ಪ್ರಶ್ನೆ (ಬಿ.ಎಸ್ಸಿ. ರಸಾಯನಶಾಸ್ತ್ರ): ಕೆರೆ ನೀರಿನ ಡಿಒ (ನೀರಲ್ಲಿ ಕರಗಿರೋ ಆಮ್ಲಜನಕ) ನೋಡ್ತಿದ್ದೀನಿ. ಒಂದು ವಾರ ಲೀಟರಿಗೆ 2 ಬಂದ್ರೆ ಮುಂದಿನ ವಾರ 9 ಮಿಲಿಗ್ರಾಂ. ಔಟ್‌ಲೈಯರ್ (ಉಳಿದವಕ್ಕೆ ಹೊಂದದ ರೀಡಿಂಗ್) ತೆಗೆದುಬಿಡು ಅಂತ ಸೀನಿಯರ್ಸ್ ಹೇಳ್ತಿದ್ದಾರೆ. ಪ್ರಾಜೆಕ್ಟ್ ಕೆಟ್ಟೋಯ್ತಾ ಮೇಡಂ?

ಉತ್ತರ: ಅಬ್ಬ, ನನ್ನ ವಿಷಯ ಬಂತು. ಏನೂ ತೆಗೀಬೇಡ. ಎಷ್ಟು ಗಂಟೆಗೆ ನೀರು ತಗೊಂಡೆ? ಯಾವ ಬಾಟಲಿಯಲ್ಲಿ?

ಅದೇ ವಿದ್ಯಾರ್ಥಿನಿ: ಕೆಲವು ಶನಿವಾರ ಬೆಳಿಗ್ಗೆ 6:30ಕ್ಕೆ, ಉಳಿದಿದ್ದು ಕ್ಲಾಸ್ ಮುಗಿಸಿ 3 ಗಂಟೆಗೆ. ಕುಡಿಯೋ ನೀರಿನ ಬಾಟಲಿ. ಬಸ್ಸಲ್ಲಿ ಲ್ಯಾಬ್‌ಗೆ ಒಂದು ಗಂಟೆ ಆಗುತ್ತೆ.

ಉತ್ತರ: 2 ಎಲ್ಲ ಬೆಳಿಗ್ಗೆಯದು, 9 ಎಲ್ಲ ಮಧ್ಯಾಹ್ನದ್ದು ಅಲ್ವಾ? ರೀಡಿಂಗ್ ಬರೆದ ಪುಸ್ತಕ ನೋಡಿ ಹೇಳು.

ಅದೇ ವಿದ್ಯಾರ್ಥಿನಿ: ಅಯ್ಯೋ ಹೌದು ಮೇಡಂ!!

ಉತ್ತರ: ನಿನ್ನ ಕೆರೆ ಹಸಿರಾಗಿರಬೇಕು, ಅಂದ್ರೆ ಪಾಚಿ ತುಂಬಿದೆ. ಬಿಸಿಲಲ್ಲಿ ಪಾಚಿ ಆಮ್ಲಜನಕ ಬಿಡುತ್ತೆ. ರಾತ್ರಿ ಪಾಚಿ, ಮೀನು, ಕೊಳಚೆಯ ಬ್ಯಾಕ್ಟೀರಿಯಾ ಎಲ್ಲವೂ ಅದನ್ನೇ ಉಸಿರಾಡ್ತವೆ. ಬೆಳಗಿನ ಜಾವಕ್ಕೆ ತಳ ಮುಟ್ಟಿರುತ್ತೆ. ಮೀನು ಸತ್ತು ತೇಲಿದ ಸುದ್ದಿ ಹೆಚ್ಚಾಗಿ ಬೆಳಿಗ್ಗೆ ವಾಕಿಂಗ್‌ನವರಿಂದಲೇ ಬರೋದು ಯಾಕೆ ಅನ್ಕೊಂಡೆ? ಇನ್ನೊಂದು ಲೆಕ್ಕ ನೋಡು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 25 ಡಿಗ್ರಿಯ ನೀರು ಇಲ್ಲಿ ಗಾಳಿಯಿಂದ ಹಿಡಿದಿಟ್ಟುಕೊಳ್ಳೋದು ಲೀಟರಿಗೆ ಏಳೂವರೆ ಮಿಲಿಗ್ರಾಂ ಆಸುಪಾಸು. ನಿನ್ನ 9ರಲ್ಲಿ ಪಾಚಿಯ ಪಾಲೂ ಇದೆ. 9 ಬಂತು ಅಂತ ‘ಕೆರೆ ಆರೋಗ್ಯವಾಗಿದೆ’ ಅಂತ ಬರೆದುಬಿಟ್ಟೀಯ, ಹುಷಾರು.

ಆದರೆ ಬಾಟಲಿ ತಪ್ಪು. ಅರ್ಧ ತುಂಬಿದ ಬಾಟಲಿ ಬಸ್ಸಲ್ಲಿ ಕುಲುಕಿದ್ರೆ ಗಾಳಿ ಸೇರುತ್ತೆ, ಒಳಗಿನ ಜೀವಿಗಳು ದಾರಿಯುದ್ದಕ್ಕೂ ಉಸಿರಾಡ್ತಾನೇ ಇರ್ತವೆ. ಬಿರಡೆ ಇರೋ ಬಿಒಡಿ (ಕೊಳಚೆ ಒಡೆಯೋಕೆ ಬ್ಯಾಕ್ಟೀರಿಯಾ ಬಳಸೋ ಆಮ್ಲಜನಕದ ಅಳತೆ) ಬಾಟಲಿಯಲ್ಲಿ ಗುಳ್ಳೆ ಇಲ್ಲದ ಹಾಗೆ ತುಂಬಿಸಿ, ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೊಡೈಡ್ ಎರಡನ್ನೂ ಕೆರೆ ದಡದಲ್ಲೇ ಹಾಕಬೇಕು. ಕಂದು ಗಷ್ಟು ಕೂತರೆ ಆಮ್ಲಜನಕ ಇದೆ, ಬಿಳಿ ಉಳಿದರೆ ಇಲ್ಲ. ಎಷ್ಟಿದೆ ಅಂತ ಅಳೆಯೋ ಟೈಟ್ರೇಶನ್ ಆಮೇಲೆ ಲ್ಯಾಬಲ್ಲಿ ಮಾಡು. ಹಳೇ ರೀಡಿಂಗ್ ಎಲ್ಲ ಗಂಟೆ ಸಮೇತ ‘ಪ್ರಾಥಮಿಕ’ ಅಂತ ಬರಿ, ಬಾಟಲಿ ತಪ್ಪನ್ನೂ ಬರಿ. ವಿಷಯ ಬದಲಾಯಿಸು: ಒಂದು ಕೆರೆ, ಒಂದೇ ಜಾಗ, ನಸುಕಿನಿಂದ ಸಂಜೆವರೆಗೆ ಮೂರು ಗಂಟೆಗೊಮ್ಮೆ. ಇಂಥ ನಾಲ್ಕು ದಿನ ಸಿಕ್ಕರೆ ಪ್ರಾಜೆಕ್ಟ್ ಆಯ್ತು. ಬಿಒಡಿ ಸೇರಿಸೋದಾದ್ರೆ ವಿದೇಶಿ ಪುಸ್ತಕದಲ್ಲಿ 20 ಡಿಗ್ರಿಗೆ 5 ದಿನ, ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ವಿಧಾನದಲ್ಲಿ 27 ಡಿಗ್ರಿಗೆ 3 ದಿನ. ಯಾವುದು ಅಂತ ಬರೀದೆ ಅಂಕಿ ಕೊಡಬೇಡ.

ಅದೇ ವಿದ್ಯಾರ್ಥಿನಿ: ಈ ಶನಿವಾರ 5:30ಕ್ಕೇ ಹೋಗ್ತೀನಿ ಮೇಡಂ.

ಉತ್ತರ: ಗೇಟ್ ಎಷ್ಟು ಹೊತ್ತಿಗೆ ತೆಗೀತಾರೆ ಅಂತ ವಾಚ್‌ಮನ್‌ನ ಇವತ್ತೇ ಕೇಳಿಕೋ. ಒಬ್ಬಳೇ ಹೋಗಬೇಡ, ಟಾರ್ಚ್ ಇರಲಿ, ಕೈಗವಸು ಮರೀಬೇಡ.