ನ್ಯೂರೋಫೀಡ್‌ಬ್ಯಾಕ್: 40 ಸೆಷನ್‌ಗೆ ದುಡ್ಡು ಕಟ್ಟುವ ಮುಂಚೆ

ಪ್ರಶ್ನೆ: ಮೇಡಂ, ಮಗನಿಗೆ 9 ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂತ ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಒಂದು ಸೆಂಟರ್‌ನವರು 40 ಸೆಷನ್ ನ್ಯೂರೋಫೀಡ್‌ಬ್ಯಾಕ್ ಮಾಡಿಸಿದರೆ ಮಾತ್ರೆಯೇ ಬೇಡ ಅಂತಾರೆ. ತಲೆಗೆ ಕರೆಂಟ್ ಕೊಡ್ತಾರಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಇಲ್ಲ, ಆ ಭಯ ಬೇಡ. ಇಇಜಿ (ಮೆದುಳಿನ ವಿದ್ಯುತ್ ಅಲೆಯ ಪರೀಕ್ಷೆ) ತೆಗೆಯುವ ಹಾಗೆ ನೆತ್ತಿಗೆ ಪೇಸ್ಟ್ ಹಚ್ಚಿ ಒಂದು ಎಲೆಕ್ಟ್ರೋಡ್ ಅಂಟಿಸಿ, ಕಿವಿಗಳಿಗೆ ಕ್ಲಿಪ್ ಹಾಕುತ್ತಾರೆ. ಯಂತ್ರ ಮೆದುಳಿನ ಅಲೆಯನ್ನು ಓದಿ, ಅದು ಹೇಗಿದೆ ಅಂತ ಒಂದು ಆಟದ ಮೂಲಕ ಮಗುವಿಗೆ ತೋರಿಸುತ್ತದೆ, ಅಷ್ಟೆ. ಎಡಿಎಚ್‌ಡಿಗೆ ಹೆಚ್ಚು ಬಳಸುವ ವಿಧಾನದಲ್ಲಿ 4ರಿಂದ 8 ಹರ್ಟ್ಸ್‌ನ ನಿಧಾನದ ಅಲೆ ಥೀಟಾ ಇಳಿದು, 13ರಿಂದ 20 ಹರ್ಟ್ಸ್‌ನ ವೇಗದ ಅಲೆ ಬೀಟಾ ಏರಿದಾಗ ಪರದೆಯ ಮೇಲಿನ ಕಾರು ಓಡುತ್ತದೆ. ಇಲ್ಲವಾದರೆ ನಿಲ್ಲುತ್ತದೆ.

ಎಡವಟ್ಟಾಗುವುದೂ ಇಲ್ಲೇ. ಮಗು ಹಲ್ಲು ಕಚ್ಚಿ ಹಿಡಿದರೆ, ಹಣೆ ಬಿಗಿದರೆ ಸ್ನಾಯುವಿನ ವಿದ್ಯುತ್ತು ಬೀಟಾದೊಳಗೆ ನುಸುಳುತ್ತದೆ. ಕಾರು ಜೋರಾಗಿ ಓಡುತ್ತದೆ, ಆದರೆ ಮಗು ಕಲಿತದ್ದು ದವಡೆ ಬಿಗಿಯುವುದನ್ನು! ಕಣ್ಣು ಮಿಟುಕಿಸಿದರೆ ನಿಧಾನದ ಅಲೆ ಸುಳ್ಳಾಗಿ ಏರುತ್ತದೆ. ತಲೆಯಲ್ಲಿ ಎಣ್ಣೆಯಿದ್ದರೆ, ಪೇಸ್ಟ್ ಒಣಗಿದರೆ ಇಂಪಿಡೆನ್ಸ್ (ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ವಿದ್ಯುತ್ ತಡೆ) ಹೆಚ್ಚಿ ಮನೆ ಕರೆಂಟಿನ 50 ಹರ್ಟ್ಸ್ ಗದ್ದಲ ಸೇರಿಕೊಳ್ಳುತ್ತದೆ. ಇಂಪಿಡೆನ್ಸ್ 5 ಕಿಲೋ ಓಮ್‌ಗಿಂತ ಕೆಳಗಿರಬೇಕು. ಆದ್ದರಿಂದ ಎಣ್ಣೆ ಹಚ್ಚದೆ, ತಲೆಸ್ನಾನ ಮಾಡಿಸಿ ಕರೆದೊಯ್ಯಬೇಕು. ಟೆಕ್ನಿಷಿಯನ್ ಆಟವನ್ನಷ್ಟೇ ನೋಡುತ್ತಾರಾ, ಪಕ್ಕದಲ್ಲಿ ಮೂಲ ಇಇಜಿ ಗೆರೆಯನ್ನೂ ನೋಡುತ್ತಾರಾ ಅಂತ ಕೇಳಿ.

ಪ್ರಶ್ನೆ: ಎಲ್ಲ ಸರಿಯಾಗಿ ಮಾಡಿದರೆ ಗುಣ ಆಗುತ್ತಾ?

ಉತ್ತರ: ಅಮೆರಿಕದಲ್ಲಿ 7ರಿಂದ 10 ವರ್ಷದ 144 ಮಕ್ಕಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನಿಜವಾದ ತರಬೇತಿ, ಇನ್ನೊಂದಕ್ಕೆ ಬೇರೆ ಮಗುವಿನ, ಮೊದಲೇ ರೆಕಾರ್ಡ್ ಮಾಡಿಟ್ಟ ಇಇಜಿಯಿಂದ ನಡೆಯುವ ಅದೇ ಆಟ. ಯಾರಿಗೆ ಯಾವುದು ಅನ್ನುವುದು ಅಪ್ಪ-ಅಮ್ಮನಿಗೂ ಟೀಚರಿಗೂ ಗೊತ್ತಿರಲಿಲ್ಲ. ಗಮನದ ಕೊರತೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಗ್ಗಿತು. ಅಂದರೆ ಮಕ್ಕಳಿಗೆ ಅನುಕೂಲವಾದದ್ದು ನಿಜ, ಅದು ಅಲೆ ತಿದ್ದಿದ್ದರಿಂದ ಆಯಿತು ಅನ್ನಲು ಆಧಾರ ಸಿಗಲಿಲ್ಲ. ನಿಯಮಿತ ವೇಳೆ, ದೊಡ್ಡವರ ಪೂರ್ತಿ ಗಮನ, ಶಹಭಾಸ್‌ಗಿರಿ, ಇವೂ ಕೆಲಸ ಮಾಡುತ್ತವೆ.

ಹಾಗಾಗಿ ಮಾತ್ರೆ ಬಿಡಿಸುತ್ತೇವೆ ಅನ್ನುವ ಭರವಸೆಯನ್ನು ನಂಬಬೇಡಿ. ನಿಲ್ಲಿಸುವುದಾದರೆ ಬರೆದುಕೊಟ್ಟ ಡಾಕ್ಟರೇ ಹೇಳಬೇಕು. ದುಡ್ಡು ಸೀಮಿತವಾಗಿದ್ದರೆ ಮೊದಲು ಪೋಷಕರ ತರಬೇತಿ ಮತ್ತು ಶಾಲೆಯಲ್ಲಿ ಮುಂದಿನ ಬೆಂಚು, ತುಂಡು ತುಂಡಾಗಿ ಹೋಮ್‌ವರ್ಕ್. ಎರಡನೇ ಅಭಿಪ್ರಾಯಕ್ಕೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವಿದೆ.

ಮಾಡಿಸಲೇಬೇಕು ಅನ್ನಿಸಿದರೆ ಒಟ್ಟಿಗೆ 40ಕ್ಕೆ ಕಟ್ಟಬೇಡಿ. ಮಗುವಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಮೊದಲೇ ತಿಳಿಸಿ. ಶುರುವಿಗೆ ಮುಂಚೆ ಕ್ಲಾಸ್ ಟೀಚರಿಂದ ವ್ಯಾಂಡರ್‌ಬಿಲ್ಟ್ ಪ್ರಶ್ನಾವಳಿ (ಎಡಿಎಚ್‌ಡಿ ಲಕ್ಷಣಗಳನ್ನು ಅಳೆಯುವ ಪಟ್ಟಿ) ತುಂಬಿಸಿ, 15 ಸೆಷನ್ ಆದ ಮೇಲೆ ಮತ್ತೊಮ್ಮೆ. ನ್ಯೂರೋಫೀಡ್‌ಬ್ಯಾಕ್ ನಡೆಯುತ್ತಿದೆ ಅಂತ ಅಲ್ಲಿಯವರೆಗೆ ಟೀಚರಿಗೆ ಹೇಳಬೇಡಿ, ಗೊತ್ತಾದರೆ ಆ ನಿರೀಕ್ಷೆಯೇ ಅವರ ಉತ್ತರದಲ್ಲಿ ಸೇರಿಕೊಳ್ಳಬಹುದು.