14 ಜನ ಬರ್ತೀವಿ ಅಂದ್ರು, ಬಂದಿದ್ದು 5. ನಮ್ಮ ಟ್ರಾನ್ಸ್ ಗುಂಪಿನ ಊಟ, ಸುತ್ತಾಟ ಹೇಗೆ ಪ್ಲ್ಯಾನ್ ಮಾಡೋದು, ಅನುಭವ ಇದ್ದೋರು ಹೇಳಿ

ಕೇಳ್ತಿರೋದು, ಮೈಸೂರಿಂದ

ಎಲ್ರಿಗೂ ನಮಸ್ಕಾರ. ನಾನು ಮೈಸೂರಿನ ಟ್ರಾನ್ಸ್ ಹೆಣ್ಮಗಳು. ನಮ್ದೊಂದು ಸಣ್ಣ ಗುಂಪಿದೆ, ಟ್ರಾನ್ಸ್ ಹೆಂಗಸ್ರು, ಟ್ರಾನ್ಸ್ ಗಂಡಸ್ರು, ಮನೇಲಿ ಇನ್ನೂ ಹೇಳ್ಕೊಳ್ದೇ ಇರೋರು ಎಲ್ಲಾ ಸೇರಿ 20ರ ಹತ್ರ ಇದೀವಿ. ಸೇರೋದು ಅಂದ್ರೆ ಮೀಟಿಂಗು, ಟ್ರೇನಿಂಗು, ಟೆಸ್ಟಿಂಗ್ ಕ್ಯಾಂಪು ಇಷ್ಟೇ ಆಗೋಗಿತ್ತು, ಸುಮ್ನೆ ಕೂತು ಊಟ ಮಾಡಿ ನಗಾಡ್ಕೊಂಡು ಬರೋಣ ಅಂತ ತಿಂಗಳಿಗೊಂದು ಡಿನ್ನರ್ ಶುರು ಮಾಡಿದೆ. ಗ್ರೂಪಲ್ಲಿ 14 ಜನ ಬರ್ತೀನಿ ಅಂತ ಹಾಕಿದ್ರು, ಬಂದಿದ್ದು 5. ಹೋಟ್ಲಿನವ್ರು ಪಾಪ ಮೂರು ಟೇಬಲ್ ಜೋಡಿಸಿ 14 ಚೇರ್ ಹಾಕಿಟ್ಟಿದ್ರು, ಒಂಬತ್ತು ಖಾಲಿ ಚೇರ್ ಮುಖ ನೋಡ್ಕೊಂಡು ಬಿರಿಯಾನಿ ತಿಂದ್ವಿ. ಯಾಕ್ ಬರ್ಲಿಲ್ಲ ಅಂದ್ರೆ ತಲೆನೋವು, ಕೆಲ್ಸ ಇತ್ತು, ಅಷ್ಟೇ ಉತ್ತರ. ನೀವೆಲ್ಲ ಹೇಗೆ ಮಾಡ್ತೀರ? ಜಾಗ, ದುಡ್ಡು, ಹೋಗಿ ಬರೋದು ಏನಾದ್ರೂ ಸರಿ ಹೇಳಿ. ದಸರಾ ಗಲಾಟೆ ಮುಗಿದ್ಮೇಲೆ ಒಂದು ಔಟಿಂಗ್ ಮಾಡೋ ಆಸೇನೂ ಇದೆ.

ಬೆಂಗಳೂರು, ವಿಜಯನಗರದಿಂದ

ತಲೆನೋವು ಅಂದೋರು ಸುಳ್ಳು ಹೇಳಿಲ್ಲ ಬಿಡಮ್ಮ, ಅದು ಬಿಲ್ಲಿನ ತಲೆನೋವು. ನಾನು ಆರು ವರ್ಷದಿಂದ ಇದೇ ಕೆಲ್ಸ ಮಾಡ್ಕೊಂಡು ಬಂದಿದೀನಿ, ನನ್ನ ಮೊದಲ ಎರಡು ವರ್ಷ ಬರೀ ತಪ್ಪೇ. ಒಂದ್ಸಲ ಚೆನ್ನಾಗಿರ್ಲಿ ಅಂತ ಮೇಲ್ಗಡೆ ಟೆರೇಸಲ್ಲಿ ಲೈಟ್ ಎಲ್ಲಾ ಬಿಟ್ಟಿರೋ ರೆಸ್ಟೋರೆಂಟ್ ಬುಕ್ ಮಾಡಿದ್ದೆ. ಐಟಿಯಲ್ಲಿರೋ ಇಬ್ರು ಮೂವರು ಆರಾಮಾಗಿ ಆರ್ಡರ್ ಮಾಡ್ತಾ ಹೋದ್ರು. ಸಿಗ್ನಲ್ಲಲ್ಲಿ ಬಸ್ತಿ ಮಾಡಿ, ಅಂದ್ರೆ ಕೈ ಚಾಚಿ ದುಡ್ಡು ಕೇಳಿ, ಬಂದಿದ್ದ ಹುಡುಗಿ ಒಂದು ಲೈಮ್ ಸೋಡಾ ಇಟ್ಕೊಂಡು ನಂಗೆ ಇವತ್ತು ಉಪವಾಸ ಅಂತ ಕೂತಿದ್ಲು, ಕೊನೆಗೆ ಬಿಲ್ಲು ಸಮ ಪಾಲು ಮಾಡಿದ್ವಿ ನೋಡಿ, ಸೋಡಾ ಕುಡಿದೋಳಿಗೂ 850 ಬಿತ್ತು. ಅವಳು ಕೊಟ್ಲು. ಮುಂದಿನ ತಿಂಗಳಿಂದ ಬರ್ಲಿಲ್ಲ ಅಷ್ಟೆ. ಈಗ ನಾನು ಗ್ರೂಪಲ್ಲಿ ಜಾಗದ ಹೆಸರಿಗಿಂತ ಮೊದ್ಲು ರೇಟ್ ಹಾಕ್ತೀನಿ, ತಲೆಗೆ 200, ಅದರ ಮೇಲೆ ಒಂದು ಪೈಸೆ ಕೇಳಲ್ಲ ಅಂತ. ಮೇಲಿಂದು ಸಂಬಳ ಇರೋರು ನಂಗೆ ಮೊದ್ಲೇ ಕೊಟ್ಟಿರ್ತಾರೆ, ಯಾರು ಅಂತ ನಾನು ಹೇಳಲ್ಲ ಯಾರೂ ಕೇಳೋದೂ ಇಲ್ಲ.

ದುಡ್ಡು ಕೊಡೋ ರೀತಿನೂ ನೋಡ್ಬೇಕು. ಒಂದು ಡಿನ್ನರ್‌ನಲ್ಲಿ ಎಲ್ಲಾ ನಂಗೆ ಫೋನ್‌ಪೇ ಮಾಡಿ ಅಂದೆ, ಒಬ್ಳು ಮೊಬೈಲ್ ಕೈಲಿ ಹಿಡ್ಕೊಂಡು ಕೂತೇ ಇದಾಳೆ, ನೆಟ್ ಬರ್ತಿಲ್ವಾ ಅಂತ ಬೇರೆ ಕೇಳ್ದೆ ನಾನು ದಡ್ಡಿ. ಆಮೇಲೆ ಕಳಿಸಿದ್ಲು, ನನ್ನ ಸ್ಕ್ರೀನಲ್ಲಿ ಬ್ಯಾಂಕಲ್ಲಿರೋ ಹೆಸ್ರು ಬಂತು, ಅಪ್ಪ ಅಮ್ಮ ಇಟ್ಟಿದ್ದ ಗಂಡು ಹೆಸ್ರು. ನಾಲ್ಕು ವರ್ಷದ ಗೆಳೆತನ, ಆ ಹೆಸ್ರು ನಂಗೆ ಗೊತ್ತಿರ್ಲಿಲ್ಲ, ಗೊತ್ತಾಗ್ಲೂ ಬಾರ್ದಿತ್ತು. ಅವತ್ತಿಂದ ಒಂದು ಸ್ಟೀಲ್ ಡಬ್ಬ ಇಟ್ಟಿದೀನಿ, ಟೇಬಲ್ ಸುತ್ತ ಹೋಗುತ್ತೆ, ಕ್ಯಾಶ್ ಹಾಕ್ತಾರೆ, ಮುಚ್ಚಳ ಮುಚ್ಚಿ ಪಕ್ಕದೋರಿಗೆ ಕೊಡ್ತಾರೆ. ಟ್ರೂಕಾಲರ್ ಕಥೇನೂ ಇದೇ, ಹೊಸಬರು ಮೊದಲ ಸಲ ಕಾಲ್ ಮಾಡಿದಾಗ ಹಳೇ ಹೆಸ್ರು ಬಂದ್ರೆ ಅದನ್ನ ಬಾಯಿಗೆ ತರ್ಬೇಡಿ, ನಿಮ್ಮನ್ನ ಏನಂತ ಸೇವ್ ಮಾಡ್ಕೊಳ್ಲಿ ಅಂತ ಕೇಳಿ ಸಾಕು.

ಇನ್ನೊಂದು, ಜಾಗ ನೋಡೋಕೆ ಹೋದಾಗ ಮೆನು ಆಮೇಲೆ ನೋಡಿ, ಮೊದ್ಲು ಟಾಯ್ಲೆಟ್ ನೋಡಿ. ಒಳಗಿಂದ ಚಿಲಕ ಬೀಳುತ್ತಾ, ಒಬ್ಬರೇ ಹೋಗೋ ಥರ ಇದೆಯಾ, ಇಲ್ಲಾ ಗಂಡಸ್ರು ಹೆಂಗಸ್ರು ಅಂತ ಬೇರೆ ಬೇರೆ ಇದ್ದು ಬಾಗಿಲಲ್ಲೇ ಒಬ್ರು ಕೂತಿರ್ತಾರಾ. ನಮ್ಮಲ್ಲಿ ಎಷ್ಟೋ ಜನ ಹೊರಗೆ ಊಟ ಇದೆ ಅಂದ್ರೆ ಮಧ್ಯಾಹ್ನದಿಂದ ನೀರೇ ಕುಡಿಯಲ್ಲ, ಬಿರಿಯಾನಿ ತಿಂದು ನೀರು ಕುಡಿಯದೇ ಕೂರೋದು ಯಾವ ಸುಖ ಹೇಳಿ.

ಮಂಡ್ಯ ಕಡೆಯಿಂದ

ನಾನು ಟ್ರಾನ್ಸ್ ಅಲ್ಲ, ನಮ್ಮಕ್ಕ ಟ್ರಾನ್ಸ್. ಹನ್ನೊಂದು ವರ್ಷದಿಂದ ಹೋಟ್ಲಲ್ಲಿ ಕ್ಯಾಷಿಯರ್ ಇದೀನಿ, ಗಲ್ಲಾ ಈ ಕಡೆಯಿಂದ ಕಾಣೋದು ನಾಲ್ಕು ಮಾತು ಹೇಳ್ತೀನಿ. ಫೋನ್ ಮಾಡೋದು ಮಧ್ಯಾಹ್ನ 3ರಿಂದ 5ರೊಳಗೆ, ಆಗ ಓನರ್ ತಲೆ ತಣ್ಣಗಿರುತ್ತೆ, ರಾತ್ರಿ 8ಕ್ಕೆ ಫೋನ್ ಮಾಡಿದ್ರೆ ಯಾರೇ ಆಗ್ಲಿ ಜಾಗ ಇಲ್ಲ ಅಂತಾರೆ. 14 ಜನ ಅಂತ ಗ್ರೂಪಲ್ಲಿ ಬಂದ್ರೆ ಹೋಟ್ಲಿಗೆ 8 ಅನ್ನಿ, ಜಾಸ್ತಿ ಬಂದ್ರೆ ಟೇಬಲ್ ಸೇರಿಸೋದು ಎರಡು ನಿಮಿಷ, ಹಾಕಿದ ಚೇರ್ ತೆಗೆಯೋವಾಗ ನಮ್ಗೂ ಬೇಜಾರು ನಿಮ್ಗೂ ಬೇಜಾರು. ಭಾನುವಾರ ಬೇಡ, ಸೋಮವಾರ ಬನ್ನಿ, ಸಪ್ಲಯರ್‌ಗಳಿಗೆ ನಿಮ್ಮ ಜೊತೆ ಮಾತಾಡೋಕೂ ಟೈಮ್ ಇರುತ್ತೆ.

ಕೆಲವು ಓನರ್ ಭಾಳ ಪ್ರೀತಿಯಿಂದ ನಿಮ್ಗೆ ಫ್ಯಾಮಿಲಿ ರೂಮ್ ಕೊಡ್ತೀನಿ ಅಂತಾರೆ. ಅದ್ರಲ್ಲಿ ಎರಡು ಥರ ಇದೆ, ನಿಮ್ಮ ನೆಮ್ಮದಿಗೆ ಕೊಡೋದು ಒಂದು, ಬೇರೆ ಗಿರಾಕಿ ಕಣ್ಣಿಗೆ ಬೀಳದೇ ಇರ್ಲಿ ಅಂತ ಕೊಡೋದು ಇನ್ನೊಂದು. ನಂಗೆ ಗೊತ್ತು ಯಾಕಂದ್ರೆ ನನ್ನ ಮುಂದೇನೆ ಮಾತಾಡಿರ್ತಾರೆ. ರೂಮ್ ಬೇಕೋ ಹೊರಗೆ ಬೇಕೋ ನೀವೇ ಹೇಳಿ, ಅವ್ರು ಹೇಳೋಕೆ ಬಿಡ್ಬೇಡಿ. ಸಪ್ಲಯರ್ ಹುಡುಗ್ರಿಗೆ ನಾನು ಹೇಳ್ಕೊಟ್ಟಿರೋದು ಒಂದೇ, ಸಾರೂ ಬೇಡ ಮೇಡಮ್ಮೂ ಬೇಡ, ಬನ್ನಿ, ಕೂತ್ಕೊಳಿ, ಏನ್ ಕೊಡ್ಲಿ. ನಮ್ಮ ಭಾಷೇಲಿ ಇದಕ್ಕೆ ಗಂಡು ಹೆಣ್ಣು ಏನೂ ಬೇಕಾಗಿಲ್ಲ. ಆಮೇಲೆ ದೊಡ್ಡ ಗುಂಪು ಅಂತ ಬಿಲ್ಲಿಗೆ ಸರ್ವಿಸ್ ಚಾರ್ಜ್ ತಾನಾಗೇ ಸೇರಿಸಿದ್ರೆ ತೆಗೀರಿ ಅನ್ನಿ, ಅದು ಕಡ್ಡಾಯ ಮಾಡೋ ಹಾಗಿಲ್ಲ ಅಂತ 2022ರಲ್ಲೇ ಕೇಂದ್ರ ಗ್ರಾಹಕ ಪ್ರಾಧಿಕಾರ ಹೇಳಿದೆ. ಚೆನ್ನಾಗಿ ಬಡಿಸಿದ ಹುಡುಗನ ಕೈಗೆ 50 ಇಡಿ, ಅದು ಬೇರೆ.

ಹುಬ್ಬಳ್ಳಿಯಿಂದ

ಅಕ್ಕಾರ ನಮಸ್ಕಾರ್ರಿ. ನಮ್ಮ ಕಡೆ ಮಂದಿ ಬರ್ಲಿಲ್ಲಂದ್ರ ನಾವು ಮೊದ್ಲ ನೋಡೂದು ಯಾವ ವಾರ ಇಟ್ಟೀವಿ ಅಂತ. ನಮ್ಮ ಗುಂಪಿನ್ಯಾಗ ಎಲ್ಲಮ್ಮನ ಸೇವಾ ಮಾಡೋ ಜೋಗಪ್ಪಗೋಳು ಅದಾರ, ಮಂಗಳವಾರ ಶುಕ್ರವಾರ ಅವ್ರು ಪಡ್ಲಗಿ (ದೇವಿ ಬುಟ್ಟಿ) ಹಿಡ್ಕೊಂಡು ಜೋಗಕ್ಕ, ಅಂದ್ರ ಭಿಕ್ಷಾಕ್ಕ ಹೋಗ್ತಾರ, ಆ ಎರಡ ದಿನ ನೀವು ಹೋಳಿಗಿ ಊಟ ಇಟ್ರೂ ಬರಂಗಿಲ್ಲ. ಹುಣ್ಣಿವಿ ಬಂತಂದ್ರ ಸವದತ್ತಿ ಗುಡ್ಡ, ಅದ್ರಾಗ ಭಾರತ ಹುಣ್ಣಿವಿ ಅಂದ್ರ ಕೇಳೂದ ಬ್ಯಾಡ. ಇನ್ನ ಹಮಾಮ್‌ನ್ಯಾಗ, ಅಂದ್ರ ಗುರು ಕೈಕೆಳಗ ಕೂಡಿ ಇರೋ ಮನ್ಯಾಗ, ಇರೋ ಹುಡ್ಗ್ಯಾರಿಗೆ ಆ ಗುರು ಹೂಂ ಅನ್ಬೇಕು. ನಾವು ಸಣ್ಣವ್ರು ಸಣ್ಣವ್ರ ಸೇರಿ ವಾಟ್ಸಾಪ್‌ನ್ಯಾಗ ಪ್ಲ್ಯಾನ್ ಮಾಡಿದ್ರ ಹೇಳ್ದ ಕೇಳ್ದ ಎಲ್ಲಿ ಹೊಂಟೀ ಅಂತ ಆ ಚೇಲಾಗೋಳಿಗೆ (ಗುರುವಿನ ಶಿಷ್ಯರಿಗೆ) ಬೈಸ್ಕೊಳೂದಾತು, ನಮಗೇನ್ ಹೋತು. ಅದಕ್ಕ ನಾ ಎಲಿ ಅಡಿಕಿ ತಗೊಂಡು ಗುರುಗೋಳ ಮನಿಗೆ ಹೋದೆ, ಅಮ್ಮಾ ನೀವ ಮೊದ್ಲ ಬರ್ಬೇಕು, ನೀವ ಕುಂತಿಂದ ನಾವು ಕುಂದರ್ತೀವಿ ಅಂದೆ. ಆ ತಿಂಗಳು 19 ಮಂದಿ! ಅಮ್ಮ ಇದ್ದಾಗ ಕುಡ್ಯಾಕ ಸಿಗೂದಿಲ್ಲ ಅಂತ ಇಬ್ರು ಗೊಣಗಿದ್ರು, ಗೊಣಗ್ಲಿ.

ಜಾಗ ಅಂದ್ರ ಖಾನಾವಳಿ ಛಲೋ ನೋಡ್ರಿ. ರೊಟ್ಟಿ, ಎಣ್ಣಿಗಾಯಿ, ಝುಣಕಾ, ಮೊಸರು, ಎಲ್ಲಾರಿಗೂ ಒಂದ ರೇಟು, ಅವ ಹೆಚ್ಚ ತಿಂದ ಇವ ಕಡಿಮಿ ತಿಂದ ಅನ್ನೂ ಲೆಕ್ಕನ ಇಲ್ಲ. ಔಟಿಂಗಿಗೆ ಸರ್ಕಾರಿ ಬಸ್. 2023ರ ಜೂನ್ 11ಕ್ಕ ಫ್ರೀ ಬಸ್ಸಿನ ಶಕ್ತಿ ಯೋಜನಾ ಸುರು ಆತಲ್ರಿ, ಅದು ಹೆಣ್ಮಕ್ಕಳಿಗಷ್ಟ ಅಲ್ಲ, ಲಿಂಗತ್ವ ಅಲ್ಪಸಂಖ್ಯಾತರಿಗೂ ಐತಿ. ಕರ್ನಾಟಕದ ಅಡ್ರೆಸ್ ಇರೋ ಗುರುತಿನ ಚೀಟಿ ಕೈಯಾಗ ಇರ್ಲಿ. ರಾಜಹಂಸ, ಏಸಿ ಗಾಡಿಗೆ ನಡೆಯೂದಿಲ್ಲ, ರಾಜ್ಯದ ಹೊರಗೂ ಇಲ್ಲ.

ಶಿವಮೊಗ್ಗದಿಂದ

ಶಕ್ತಿ ಬಗ್ಗೆ ಒಂದ್ ಮಾತು, ಎಲ್ಲರಿಗೂ ಫ್ರೀ ಅಂತ ಲೆಕ್ಕ ಹಾಕ್ಬೇಡಿ. ನಾನು ಟ್ರಾನ್ಸ್ ಮ್ಯಾನ್, ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ರು, ಈಗ ಗಡ್ಡ ಬಂದಿದೆ. ಜೀರೋ ಟಿಕೆಟ್ ಬೇಕಂದ್ರೆ ಆಧಾರ್ ತೋರಿಸಿ ನಾನು ಯಾರು ಅಂತ ಕಂಡಕ್ಟರ್‌ಗೂ ಹಿಂದಿನ ಎರಡು ಸೀಟಿಗೂ ಕೇಳೋ ಹಾಗೆ ಹೇಳ್ಬೇಕು, ಅದಕ್ಕಿಂತ 60 ರೂಪಾಯಿ ಕೊಟ್ಟು ಕಿಟಕಿ ಪಕ್ಕ ಕೂತ್ಕೋತೀನಿ. ಬಜೆಟ್ ಹಾಕೋವಾಗ ನನ್ನಂಥೋರ ಟಿಕೆಟ್ಟೂ ಸೇರ್ಸಿ.

ಮತ್ತೆ ಬೇಜಾರ್ ಮಾಡ್ಕೋಬೇಡಿ, ಟ್ರಾನ್ಸ್ ಗುಂಪಿನ ಕಾರ್ಯಕ್ರಮ ಅಂದ್ರೆ ಸೀರೆ, ಹೂವು, ಡ್ಯಾನ್ಸು, ಎಲ್ರೂ ಅಕ್ಕಂದಿರು. ನಾವು ನಾಲ್ಕು ಜನ ಹುಡುಗ್ರು ಮೂಲೇಲಿ ಬ್ಯಾಗ್ ಕಾಯ್ಕೊಂಡು ಕೂತಿರ್ತೀವಿ. ಒಂದ್ಸಲ ಔಟಿಂಗ್ ಅಂತ ಕರಾವಳಿ ಕಡೆ ದೇವಸ್ಥಾನಕ್ಕೆ ಕರ್ಕೊಂಡು ಹೋದ್ರು, ಅಲ್ಲಿ ಕೆಲವು ಕಡೆ ಗಂಡಸ್ರು ಅಂಗಿ ಬನಿಯನ್ ತೆಗೆದೇ ಒಳಗೆ ಹೋಗ್ಬೇಕು ಅನ್ನೋದು ನಿಮ್ಗೆಲ್ಲ ಗೊತ್ತೇ ಇದೆ, ಪ್ಲ್ಯಾನ್ ಮಾಡೋವಾಗ ಯಾರಿಗೂ ನೆನಪಾಗ್ಲಿಲ್ಲ. ನಂಗೆ ಇನ್ನೂ ಟಾಪ್ ಸರ್ಜರಿ, ಅಂದ್ರೆ ಎದೆ ಆಪರೇಷನ್, ಆಗಿಲ್ಲ. ಎಲ್ರೂ ದರ್ಶನ ಮಾಡ್ಕೊಂಡು ಬರೋವರೆಗೂ ಚಪ್ಪಲಿ ಸ್ಟ್ಯಾಂಡ್ ಹತ್ರ ಎರಡು ಗಂಟೆ ನಿಂತಿದ್ದೆ, ಪ್ರಸಾದ ತಂದ್ಕೊಟ್ರು, ತಿಂದೆ. ವಾಟರ್ ಪಾರ್ಕೂ ಅಷ್ಟೇ, ಕಾಸ್ಟ್ಯೂಮ್ ಕಡ್ಡಾಯ ಅಂತಾರೆ, ಬಟ್ಟೆ ಬದಲಾಯಿಸೋ ರೂಮು ಲೇಡೀಸ್ ಜೆಂಟ್ಸ್ ಎರಡೇ. ಬೆಟ್ಟ ಹತ್ತಿಸೋದಿದ್ರೆ ಮೊದ್ಲೇ ಹೇಳಿ, ಎದೆ ಬಿಗಿಯಾಗಿ ಕಟ್ಟೋ ಬೈಂಡರ್ ಹಾಕ್ಕೊಂಡು ಬಿಸಿಲಲ್ಲಿ ಹತ್ತಿದ್ರೆ ಉಸಿರು ಸಿಗಲ್ಲ, ನಿಮ್ಮ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಅಂತೂ ಬೇಡ್ವೇ ಬೇಡ, ಬಸ್ ಇದೆಯಲ್ಲ. ರಾತ್ರಿ ಉಳಿಯೋದಾದ್ರೆ ಹೋಮ್‌ಸ್ಟೇನವ್ರು ಎಲ್ಲರ ಆಧಾರ್ ಕೇಳ್ತಾರೆ, ಅದನ್ನ ಗ್ರೂಪಲ್ಲಿ ಹಾಕಿ ಅನ್ಬೇಡಿ ದಯವಿಟ್ಟು, ಅವರವರೇ ಕೌಂಟರಲ್ಲಿ ತೋರಿಸ್ಲಿ. ಟ್ರೈನಲ್ಲಿ ಬುಕ್ ಮಾಡೋವಾಗ ಟ್ರಾನ್ಸ್‌ಜೆಂಡರ್ ಅಂತ ಆಯ್ಕೆ ಇದೆ ನಿಜ, ಆದ್ರೆ ಯಾರಿಗೆ ಏನು ಹಾಕ್ಬೇಕು ಅಂತ ಕೇಳಿ ಹಾಕಿ, ನೀವೇ ನಿರ್ಧಾರ ಮಾಡ್ಬೇಡಿ.

ಬೆಂಗಳೂರಿಂದ ಇನ್ನೊಬ್ರು

ಇಷ್ಟೆಲ್ಲಾ ಹೆದರ್ಕೊಂಡು ಮಾಡೋದು ಯಾಕೆ ಅಂತ. 2014ರಲ್ಲೇ ನಮ್ಮನ್ನ ಮೂರನೇ ಲಿಂಗ ಅಂತ ಒಪ್ಪಿದ ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪು ಬಂತು, 2019ರ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕಾಯ್ದೆ ಸೆಕ್ಷನ್ 3ರಲ್ಲಿ ಸಾರ್ವಜನಿಕರಿಗೆ ಇರೋ ಸೌಲಭ್ಯ, ಸೇವೆ ನಮ್ಗೆ ನಿರಾಕರಿಸೋ ಹಾಗಿಲ್ಲ ಅಂತ ಬರ್ದಿದೆ. ಹೋಗಿ ಕೂತ್ಕೊಳಿ, ಏನಾಗುತ್ತೆ ನೋಡೋಣ.

ಬೆಂಗಳೂರು, ವಿಜಯನಗರದಿಂದ

ಏನಾಗುತ್ತೆ ಅಂತ ನಾನು ನೋಡಿದೀನಪ್ಪ. ಒಂದು ಪಬ್ ಬಾಗಿಲಲ್ಲಿ ಕಪಲ್ ಎಂಟ್ರಿ ಮಾತ್ರ ಅಂದ್ರು, ನೀವು ಲೇಡೀಸ್ ಲೆಕ್ಕಾನಾ ಜೆಂಟ್ಸ್ ಲೆಕ್ಕಾನಾ ಅಂತ ಬೌನ್ಸರ್ ನಗಾಡ್ದ. ನಾನು ಇದೇ ಸೆಕ್ಷನ್ ಹೇಳಿದೆ, ಮ್ಯಾನೇಜರ್ ಬಂದ, ವಾದ ಒಂದೂವರೆ ಗಂಟೆ. ನಾನು ಹೇಳಿದ್ದು ಸರಿನೇ. ಆದ್ರೆ ಜೊತೆಗೆ ಬಂದಿದ್ದ ಹುಡುಗಿ, ಅದು ಅವಳ ಮೊದಲನೇ ಸಲ ಚೂಡಿದಾರ್ ಹಾಕಿ ಹೊರಗೆ ಬಂದಿದ್ದು, ಜನ ಮೊಬೈಲಲ್ಲಿ ವಿಡಿಯೋ ಮಾಡ್ತಿದ್ದಾರೆ ಅಂತ ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿದ್ಲು. ರಾತ್ರಿ 12ಕ್ಕೆ ಗಾಡಿ ಹತ್ರ ಎಗ್ ರೈಸ್ ತಿಂದು ಮನೆಗೆ ಹೋದ್ವಿ. ಜಗಳ ಮಾಡ್ಬೇಡಿ ಅಂತಿಲ್ಲ, ಜಗಳ ಮಾಡೋ ದಿನ ಅಂತ ಎಲ್ರೂ ಒಪ್ಕೊಂಡು ಬಂದಿದ್ರೆ ಮಾಡಿ. ಡಿನ್ನರ್ ದಿನ ನಮ್ಮಲ್ಲಿ ಮಾತಾಡೋರು ಒಬ್ರೇ ಅಂತ ಮೊದ್ಲೇ ಗೊತ್ತಿರುತ್ತೆ, ಬೇರೆಯವ್ರು ಆ ಹೊತ್ತಿಗೆ ಎರಡನೇ ಹೋಟ್ಲಿಗೆ ನಡೆದಿರ್ತಾರೆ. ಹೌದು, ಎರಡನೇದು ಒಂದು ಯಾವಾಗ್ಲೂ ನೋಡಿಟ್ಟಿರಿ. ಫೋಟೋ ಊಟ ಮುಗಿದ್ಮೇಲೆ ಒಂದೇ, ಬೇಡ ಅನ್ನೋರು ತೆಗೆಯೋ ಕಡೆ ನಿಂತ್ಕೋತಾರೆ.

ಬೆಂಗಳೂರಿಂದ ಹಿರಿಯರೊಬ್ರು

ಮಗಾ, ಬಟ್ಟೆ ಎಲ್ಲಿ ಹಾಕ್ಕೊಳ್ತಾರೆ ಅಂತ ಯಾರೂ ಬರೀಲಿಲ್ಲ ನೋಡು. ಮನೆಯಿಂದ ಪ್ಯಾಂಟು ಶರ್ಟಲ್ಲಿ ಬರೋ ಮಕ್ಕಳು ಬ್ಯಾಗಲ್ಲಿ ಸೀರೆ ಇಟ್ಕೊಂಡು ಎಲ್ಲಿಗೆ ಹೋಗ್ಬೇಕು? ಹೋಟ್ಲಿನ ಹತ್ರ ಯಾರದಾದ್ರೂ ಮನೆ ನೋಡು, ಒಂದು ಗಂಟೆ ಮುಂಚೆ ಬಾಗಿಲು ತೆಗೆದಿಡು, ಒಂದು ದೊಡ್ಡ ಕನ್ನಡಿ, ಸೇಫ್ಟಿ ಪಿನ್ನು, ಟೀ. ನಮ್ಮನೇಲಿ ಹಾಗೆ ಮಾಡ್ತೀವಿ, ನಿಜ ಹೇಳ್ಬೇಕಂದ್ರೆ ಊಟಕ್ಕಿಂತ ಅಲ್ಲೇ ನಗು ಜಾಸ್ತಿ, ಎಷ್ಟೋ ಸಲ ಹೋಟ್ಲಿಗೆ ಹೋಗೋದೇ ಲೇಟು. ವಾಪಸ್ ಬಂದು ಮುಖ ತೊಳ್ಕೊಂಡು ಹೋಗೋಕೂ ಅದೇ ಮನೆ. ಮನೆ ಮುಟ್ಟಿದ ಮೇಲೆ ಒಂದು ಮೆಸೇಜು. ಬರೀ ಹೂವಿನ ಚಿತ್ರ ಹಾಕಿದ್ರೂ ಸಾಕು, ಮನೇಲಿ ಯಾರಾದ್ರೂ ಮೊಬೈಲ್ ನೋಡಿದ್ರೂ ಏನೂ ಗೊತ್ತಾಗಲ್ಲ.

ಮತ್ತೆ ನಾನೇ, ಮೈಸೂರಿಂದ

ಎಲ್ರಿಗೂ ಥ್ಯಾಂಕ್ಸ್, ಎರಡೆರಡು ಸಲ ಓದ್ದೆ. ಇದನ್ನೆಲ್ಲ ಓದಿದ್ಮೇಲೆ, ಅವತ್ತು ಊಟಕ್ಕೆ ಬಾರದೇ ಇದ್ದ ಒಂಬತ್ತು ಜನಕ್ಕೂ ಒಬ್ಬೊಬ್ರಾಗಿ ಫೋನ್ ಮಾಡಿದೆ, ಗ್ರೂಪಲ್ಲಿ ಕೇಳ್ಲಿಲ್ಲ. ಇಬ್ರಿಗೆ ದುಡ್ಡೇ ಸಮಸ್ಯೆ. ಒಬ್ಳ ಗುರು ಬೇಡ ಅಂದಿದ್ರಂತೆ. ಇನ್ನೊಬ್ಳು ನಗ್ತಾ ಹೇಳಿದ್ಲು, ಅಕ್ಕ, ನೀವು ಬುಕ್ ಮಾಡಿದ್ದ ಹೋಟ್ಲು ನಮ್ಮ ಸೋದರಮಾವನ ಅಂಗಡಿ ಎದುರಿಗೇ ಇದೆ! ನಂಗೆ ಹೇಗೆ ಗೊತ್ತಾಗ್ಬೇಕು ಹೇಳಿ. ಉಳಿದೋರು ಇನ್ನೂ ತಲೆನೋವಲ್ಲೇ ಇದಾರೆ, ಇರ್ಲಿ.

ಔಟಿಂಗ್ ಸದ್ಯಕ್ಕೆ ದೊಡ್ಡದು ಬೇಡ ಅಂತ ಬಿಟ್ಟೆ. ಭಾನುವಾರ ಸಾಯಂಕಾಲ ಅರಮನೆ ಲೈಟ್ ಹಾಕ್ತಾರಲ್ಲ, ಆ ಜನಸಂದಣೀಲಿ ನಮ್ಮನ್ನ ಯಾರೂ ನೋಡಲ್ಲ, ಎಲ್ಲರ ಕಣ್ಣೂ ಅರಮನೆ ಮೇಲೆ. ಅದು ನೋಡ್ಕೊಂಡು ಅಲ್ಲೇ ಕಡಲೆಕಾಯಿ ತಿಂದು ಬರೋದು. ಊಟ ಬೇರೆ ದಿನ, ಸೋಮವಾರ, ಒಂದು ಸಣ್ಣ ಮೆಸ್ಸಲ್ಲಿ, ತಲೆಗೆ 150. 8 ಜನ ಅಂತ ಹೇಳಿದೀನಿ. ಟಾಯ್ಲೆಟ್ ನೋಡ್ದೆ, ಒಂದೇ ಇದೆ, ಕ್ಲೀನಾಗಿದೆ, ಚಿಲಕ ಮುರಿದಿತ್ತು. ಓನರಮ್ಮಂಗೆ ಹೇಳಿದ್ದಕ್ಕೆ ನಾಳೆನೇ ಹಾಕಿಸ್ತೀನಿ ಅಂದ್ರು, ನಿನ್ನೆ ಹೋಗಿ ನೋಡ್ಕೊಂಡು ಬಂದೆ, ಹಾಕಿಸಿದಾರೆ.

ಸ್ಟೀಲ್ ಡಬ್ಬ ಅಮ್ಮನ್ನ ಕೇಳ್ದೆ. ಯಾಕೆ ಅಂದ್ರು. ನಮ್ಮ ಗೆಳತಿಯರ ಊಟಕ್ಕೆ ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಮೇಲಿನ ಅಟ್ಟದಿಂದ ಮುಚ್ಚಳ ಗಟ್ಟಿ ಇರೋದು ಒಂದು ತೆಗೆದುಕೊಟ್ಟು ಕಳೆದುಹಾಕ್ಬೇಡ, ತೊಳ್ದು ವಾಪಸ್ ತಗೊಂಡ್ಬಾ ಅಂದ್ರು.