ನೆಗಡಿ ಮಾತ್ರೆಯ ಜೊತೆ ಅಲರ್ಜಿ ಮಾತ್ರೆ ಕೊಡಬಹುದೇ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಮೂಡಿಗೆರೆಯಿಂದ:
ಅಪ್ಪನಿಗೆ 68 ವರ್ಷ. ಬಿ.ಪಿ.ಗೆ ಮಾತ್ರೆ ನಡೆಯುತ್ತಿದೆ. ಕಣದಲ್ಲಿ ಕಾಫಿ ಹರವಿದಾಗಿನಿಂದ ಸೀನು, ಮೂಗು ಸೋರುವುದು, ಸಂಜೆಯಾದರೆ ಮೈ ಬಿಸಿ. ಔಷಧಿ ಅಂಗಡಿಯಲ್ಲಿ ಕೊಟ್ಟ ನೆಗಡಿ ಮಾತ್ರೆಯ ಮೇಲೆ ಪ್ಯಾರಸಿಟಮಾಲ್ 500, ಕಟ್ಟಿದ ಮೂಗಿಗೆಂದು ಫಿನೈಲೆಫ್ರಿನ್ 10, ಅಲರ್ಜಿಗೆಂದು ಕ್ಲೋರ್‌ಫೆನಿರಮಿನ್ 2 ಮಿಲಿಗ್ರಾಂ ಎಂದಿದೆ. ಮನೆಯಲ್ಲಿ ಅಲರ್ಜಿಯ ಮಾತ್ರೆ ಸೆಟಿರಿಜಿನ್ ಮತ್ತು ಪ್ಯಾರಸಿಟಮಾಲ್ 650ರ ಜ್ವರದ ಮಾತ್ರೆಯೂ ಇವೆ. ಮೂರನ್ನೂ ಒಟ್ಟಿಗೆ ಕೊಡಬಹುದೇ? ಅಪ್ಪ ರಾತ್ರಿ ಮೂತ್ರಕ್ಕೆಂದು ಹಲವು ಸಲ ಏಳುತ್ತಾರೆ, ನಿದ್ದೆ ಬರಿಸುವ ಮಾತ್ರೆಯಾದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ ಅಮ್ಮ.

ಕೊಟ್ಟಿಗೆಹಾರದ ಟ್ಯಾಕ್ಸಿ ಚಾಲಕ:
ನಿದ್ದೆ ಬರಿಸುವ ಮಾತ್ರೆ ಒಳ್ಳೆಯದು ಎನ್ನುವವರು ಅದನ್ನು ನುಂಗಿ ಒಮ್ಮೆ ಚಾರ್ಮಾಡಿ ಘಾಟಿ ಇಳಿದು ನೋಡಲಿ. ನನಗೆ ಚಿಕ್ಕಂದಿನಿಂದ ಧೂಳಿನ ಅಲರ್ಜಿ. ಕ್ಲೋರ್‌ಫೆನಿರಮಿನ್ ಇರುವ ಮಾತ್ರೆಯನ್ನು ರಾತ್ರಿ ನುಂಗಿದರೆ ಮರುದಿನ ಬೆಳಿಗ್ಗೆ ಮಂಜಿನಲ್ಲಿ ಎದುರಿನ ಬಸ್ಸಿನ ದೀಪ ಕಂಡರೂ ಬ್ರೇಕಿಗೆ ಕಾಲು ಹೋಗುವುದು ತಡ. ಸೆಟಿರಿಜಿನ್‌ಗೆ ನಿದ್ದೆ ಬರುವುದಿಲ್ಲ ಎಂದರು. ಕಡಿಮೆ ಎಂಬುದು ನಿಜ, ಬರುವುದೇ ಇಲ್ಲವೆಂಬುದು ಸುಳ್ಳು. ಈಗ ವೈದ್ಯರು ಬರೆದುಕೊಟ್ಟ ಫೆಕ್ಸೊಫೆನಡಿನ್ 120 ತೆಗೆದುಕೊಳ್ಳುತ್ತೇನೆ. ಸೆಟಿರಿಜಿನ್ ಎರಡು ರೂಪಾಯಿ, ಇದು ಇಪ್ಪತ್ತರ ಹತ್ತಿರ. ತಿಂಗಳಿಗೆ ಆರುನೂರು ರೂಪಾಯಿ ಮೂಗಿಗೇ ಹೋಗುತ್ತದೆ. ಮನೆಯಲ್ಲಿ ದಿನವೂ ಇದೇ ಜಗಳ. ಆದರೂ ಹಿಂದಿನ ಸೀಟಿನಲ್ಲಿ ಬೇರೆಯವರ ಮಕ್ಕಳು ಕುಳಿತಿರುತ್ತಾರೆ, ನಾನು ಬದಲಾಯಿಸುವುದಿಲ್ಲ. ಇನ್ನೊಂದು ವಿಷಯ: ಅದನ್ನು ಕಿತ್ತಳೆ ರಸದ ಜೊತೆ ನುಂಗಬೇಡಿ, ಹಣ್ಣಿನ ರಸ ಇದ್ದರೆ ಮಾತ್ರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಇಪ್ಪತ್ತು ರೂಪಾಯಿ ನೀರುಪಾಲು.

ಸಕಲೇಶಪುರದ ತೋಟದವರು:
ಚಾಲಕರದು ನಿದ್ದೆಯ ಕಷ್ಟ, ನಮ್ಮದು ಅದಕ್ಕಿಂತ ದೊಡ್ಡದು. ನನ್ನ ತಂದೆಗೂ ಹೆಚ್ಚುಕಡಿಮೆ ಇದೇ ಮಾತ್ರೆ ಕೊಟ್ಟರು. ಅಂಗಡಿಯವನು ವಯಸ್ಸು ಕೂಡ ಕೇಳಲಿಲ್ಲ. ಸಂಜೆಯಿಂದ ಮೂತ್ರ ಕಟ್ಟಿತು. ರಾತ್ರಿ ಹನ್ನೊಂದರ ಹೊತ್ತಿಗೆ ಹೊಟ್ಟೆಯ ಕೆಳಭಾಗ ಕಲ್ಲಿನಂತೆ ಗಟ್ಟಿಯಾಗಿ ಉಬ್ಬಿತ್ತು. ಕೂರಲಾರರು, ಮಲಗಲಾರರು, ಕಂಬ ಹಿಡಿದು ನಿಂತೇ ಇದ್ದರು. ಹಾಸನಕ್ಕೆ ರಾತ್ರಿ ಕಾರಿನ ಬಾಡಿಗೆ 2,200. ತುರ್ತು ವಿಭಾಗದ ಶುಲ್ಕ 700, ಮೂತ್ರ ತೆಗೆಯುವ ನಳಿಕೆ (ಕ್ಯಾತಿಟರ್) ಮತ್ತು ಚೀಲ 650, ಸ್ಕ್ಯಾನ್ 1,100, ರಕ್ತ ಪರೀಕ್ಷೆ 1,450, ಕೋಣೆಗೆ ದಿನಕ್ಕೆ 1,800. ಕೊಯ್ಲಿನ ಸಮಯ ಬೇರೆ, ನಾನಿಲ್ಲದೆ ಆಳುಗಳು ಅರ್ಧ ಗಿಡ ಬಿಟ್ಟು ಹೋಗಿದ್ದರು. ಅದರ ಲೆಕ್ಕ ಯಾರು ಕೊಡುತ್ತಾರೆ? ವೈದ್ಯರು ಹೇಳಿದ್ದು ಇಷ್ಟು: ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಮೊದಲೇ ಊದಿತ್ತು. ಕ್ಲೋರ್‌ಫೆನಿರಮಿನ್ ಮೂತ್ರಕೋಶ ಹಿಂಡುವ ಶಕ್ತಿಯನ್ನು ಕುಗ್ಗಿಸುತ್ತದೆ, ಫಿನೈಲೆಫ್ರಿನ್ ಅದರ ಬಾಯನ್ನು ಬಿಗಿಯುತ್ತದೆ. ಎರಡೂ ಒಂದೇ ಮಾತ್ರೆಯಲ್ಲಿ! ಹತ್ತು ರೂಪಾಯಿಯ ವ್ಯಾಪಾರಕ್ಕೆ ಮನುಷ್ಯರ ಜೀವದ ಜೊತೆ ಆಡುತ್ತಾರೆ.

ಚಿಕ್ಕಮಗಳೂರಿನ ಔಷಧಿ ಅಂಗಡಿಯವರು:
ಬೈಯಲು ಅಂಗಡಿಯವನು ಸುಲಭವಾಗಿ ಸಿಗುತ್ತಾನೆ ಸ್ವಾಮಿ. ತಂದೆಯವರು ರಾತ್ರಿ ಎಷ್ಟು ಸಲ ಏಳುತ್ತಾರೆಂದು ನೀವಾಗಿ ಹೇಳಿದ್ದಿರಾ? ನಾವು ಕೇಳಿದರೆ ‘ಮಾತ್ರೆ ಕೊಡಿ ಸಾಕು, ಬಸ್ಸಿಗೆ ಹೊತ್ತಾಯಿತು’ ಎನ್ನುವವರೇ ಹೆಚ್ಚು. ಹತ್ತರ ಪಟ್ಟಿ ತೆಗೆದುಕೊಳ್ಳಿ ಎಂದರೆ ನಾಲ್ಕು ಕತ್ತರಿಸಿ ಕೊಡಿ ಎನ್ನುತ್ತೀರಿ. ಕತ್ತರಿಸಿದ ತುಂಡಿನಲ್ಲಿ ಹೆಸರಿನ ಅರ್ಧ ಇರುತ್ತದೆ, ಒಳಗೆ ಏನಿದೆ ಎಂಬ ಸಾಲುಗಳು ನನ್ನ ಡಬ್ಬಿಯಲ್ಲಿ ಉಳಿಯುತ್ತವೆ. ಆಮೇಲೆ ಮನೆಯಲ್ಲಿ ಬಣ್ಣ ನೋಡಿ ಮಾತ್ರೆ ನುಂಗುತ್ತೀರಿ.
ಮೂಡಿಗೆರೆಯವರಿಗೆ ಒಂದು ಮಾತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಮಿಶ್ರಣ ಔಷಧಿಗಳನ್ನು ನಿಷೇಧಿಸಿತು. ಸೆಟಿರಿಜಿನ್, ಪ್ಯಾರಸಿಟಮಾಲ್, ಫಿನೈಲೆಫ್ರಿನ್ ಮೂರೂ ಸೇರಿದ ಮಾತ್ರೆ ಆ ಪಟ್ಟಿಯಲ್ಲಿತ್ತು. ನೀವು ಮನೆಯಲ್ಲಿ ಕೂಡಿಸಲು ಹೊರಟಿರುವುದು ಅದನ್ನೇ, ಮೇಲೊಂದು ಕ್ಲೋರ್‌ಫೆನಿರಮಿನ್ ಬೇರೆ. ಅಲರ್ಜಿಗೆ ಎರಡೆರಡು ಔಷಧಿ ಯಾಕೆ? ನನ್ನ ಅಂಗಡಿಯಿಂದ ಆಗ ವಾಪಸು ಕಳುಹಿಸಿದ ಸರಕಿನ ಹಣ ಇನ್ನೂ ಪೂರ್ತಿ ಬಂದಿಲ್ಲ, ಅದು ಬೇರೆ ಕಥೆ. 2011ರಲ್ಲಿ ನಿಷೇಧವಾದ ಫಿನೈಲ್‌ಪ್ರೊಪನೊಲಮಿನ್ ಇದ್ದ ಹಳೆಯ ನೆಗಡಿ ಮಾತ್ರೆಯನ್ನು ಕೇಳಿಕೊಂಡು ಈಗಲೂ ಬರುವ ಹಿರಿಯರಿದ್ದಾರೆ. ಮಿದುಳಿನ ರಕ್ತಸ್ರಾವದ ಭಯಕ್ಕೆ ತೆಗೆದರು ಎಂದರೆ ‘ಅದರಷ್ಟು ಬೇಗ ಯಾವುದೂ ಕೇಳುತ್ತಿರಲಿಲ್ಲ’ ಎಂದು ನನ್ನನ್ನೇ ಗದರುತ್ತಾರೆ.

ಸಕಲೇಶಪುರದ ತೋಟದವರು:
ಕೇಳಬೇಕಾದವರು ನೀವು. ಗೋಡೆಗೆ ತೂಗುಹಾಕಿದ ಪರವಾನಗಿ ಯಾತಕ್ಕಿದೆ?

ಹಾಸನದ ಗೃಹಿಣಿ:
ಇಬ್ಬರೂ ಮಾತ್ರೆಯಲ್ಲೇ ನಿಂತಿದ್ದೀರಿ. ಮೂಗಿಗೆ ಬಿಡುವ ಹನಿಯ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ನನಗೆ ಕ್ಸೈಲೊಮೆಟಜೊಲಿನ್ ಹನಿಯನ್ನು ಬರೆದುಕೊಟ್ಟವರು ಎಷ್ಟು ದಿನ ಎಂದು ಬರೆಯಲೇ ಇಲ್ಲ. ಬಿಟ್ಟ ಎರಡು ನಿಮಿಷಕ್ಕೆ ಮೂಗು ತೆರೆಯುತ್ತದೆ, ಸ್ವರ್ಗ. ಕೆಲವು ಗಂಟೆ ಕಳೆದರೆ ಮೊದಲಿಗಿಂತ ಗಟ್ಟಿಯಾಗಿ ಮುಚ್ಚುತ್ತದೆ. ಮತ್ತೆ ಬಿಡು. ದಿಂಬಿನ ಕೆಳಗೊಂದು ಬಾಟಲಿ, ಕೈಚೀಲದಲ್ಲೊಂದು, ದೇವರ ಮನೆಯ ಗೂಡಿನಲ್ಲೊಂದು. ಕೊನೆಗೆ ಕಿವಿ-ಮೂಗು-ಗಂಟಲು ತಜ್ಞರು ದೂರ್ಬೀನು ಹಾಕಿ ನೋಡಿ, ಅಲರ್ಜಿಗಿಂತ ಹನಿಯಿಂದ ಆದ ಊತವೇ ಹೆಚ್ಚು ಎಂದರು. ಮೂರರಿಂದ ಐದು ದಿನಕ್ಕಿಂತ ಹೆಚ್ಚು ಅದನ್ನು ಹಾಕಲೇಬಾರದಂತೆ. ಸಲಹೆಗೆ 600, ದೂರ್ಬೀನಿಗೆ 1,500, ಸಿ.ಟಿ. ಸ್ಕ್ಯಾನ್‌ಗೆ 3,200. ಈಗ ಫ್ಲುಟಿಕಸೋನ್ ಸ್ಪ್ರೇ. ಸ್ಟೀರಾಯ್ಡ್ ಎಂದು ಅತ್ತೆ ಹೌಹಾರಿದರು. ಮೂಗಿನೊಳಗೆ ಬೀಳುವ ಅಷ್ಟು ಸಣ್ಣ ಪ್ರಮಾಣಕ್ಕೂ ನುಂಗುವ ಸ್ಟೀರಾಯ್ಡ್‌ಗೂ ಬಹಳ ಅಂತರವಿದೆ ಎಂದು ವೈದ್ಯರಿಂದಲೇ ಹೇಳಿಸಬೇಕಾಯಿತು. ಕೆಲಸ ತೋರಿಸಲು ಕೆಲವು ದಿನ ಹಿಡಿಯುತ್ತದೆ, ಅಷ್ಟು ತಾಳ್ಮೆ ಇಲ್ಲದವರು ಬಯ್ಯುತ್ತಾರೆ. ನಾನಂತೂ ಈ ಸಲ ಕಸ ಗುಡಿಸಿಯೂ ಸೀನಲಿಲ್ಲ.

ಬಾಳೂರಿನ ಮೆಣಸು ಬೆಳೆಗಾರ:
ಸ್ಪ್ರೇ, ಸ್ಕ್ಯಾನ್, ದೂರ್ಬೀನು! ನಮ್ಮ ಮನೆಯಲ್ಲಿ ಕಾಳುಮೆಣಸು, ಶುಂಠಿ, ಬೆಲ್ಲ ಹಾಕಿ ಕುದಿಸಿದ ಕಷಾಯದ ಆಚೆ ಯಾವುದೂ ಇಲ್ಲ. ಮೆಣಸು ನಮ್ಮ ಬಳ್ಳಿಯದೇ. ಅಜ್ಜ ತೊಂಬತ್ತು ದಾಟಿದ್ದರು.

ಹಾಸನದ ಗೃಹಿಣಿ:
ಕಷಾಯ ನಾನೂ ಕುಡಿಯುತ್ತೇನೆ ಅಣ್ಣ, ಗಂಟಲಿಗೆ ಹಿತ. ಅಲರ್ಜಿ ಅದರಿಂದ ಹೋಗುವುದಾದರೆ ಮಲೆನಾಡಿನಲ್ಲಿ ಒಬ್ಬರೂ ಸೀನಬಾರದಿತ್ತು. ಅಂದ ಹಾಗೆ, ನಿಮ್ಮ ಬಳ್ಳಿಗೆ ಮಳೆಗಾಲದಲ್ಲಿ ಬೋರ್ಡೋ ಸಿಂಪಡಿಸುವುದಿಲ್ಲವೇ?

ಬಾಳೂರಿನ ಮೆಣಸು ಬೆಳೆಗಾರ:
ಬೋರ್ಡೋ ಸುಣ್ಣ ಮತ್ತು ಮೈಲುತುತ್ತ. ಸಿಂಪಡಿಸದಿದ್ದರೆ ಸೊರಗು ರೋಗಕ್ಕೆ ಬಳ್ಳಿಯೇ ಉಳಿಯುವುದಿಲ್ಲ. ಕೊಯ್ಲು ಅದಾಗಿ ಎಷ್ಟೋ ತಿಂಗಳ ಮೇಲೆ. ತಿಳಿಯದಿದ್ದರೆ ಮಾತನಾಡಬಾರದು.

ಆಲ್ದೂರು ಕಡೆಯ ಎಸ್ಟೇಟ್ ರೈಟರ್:
ಬೋರ್ಡೋ ಜಗಳವನ್ನು ಆಮೇಲೆ ಮುಗಿಸಿಕೊಳ್ಳಿ. ನಾನು ಎಸ್ಟೇಟಿನ ಆಳುಗಳ ಲೈನ್ ಮನೆಗಳಲ್ಲಿ ನೋಡುವುದನ್ನು ಹೇಳುತ್ತೇನೆ. ನಮ್ಮ ಮೇಸ್ತ್ರಿಗೆ ನೆಗಡಿ, ಜ್ವರ, ಜೊತೆಗೆ ಮೂಟೆ ಹೊತ್ತು ಸೊಂಟ ನೋವು. ಮೂರು ಕಡೆಯಿಂದ ಮೂರು ಮಾತ್ರೆ ತಂದಿದ್ದ. ನೆಗಡಿಯದರಲ್ಲಿ ಪ್ಯಾರಸಿಟಮಾಲ್ 500, ದಿನಕ್ಕೆ ಮೂರು: 1,500. ಜ್ವರದ್ದು 650, ಅದೂ ಮೂರು: 1,950. ನೋವಿನದು ಬರೀ ಅಸೆಕ್ಲೊಫೆನಾಕ್ ಎಂದುಕೊಂಡಿದ್ದ, ಅದರಲ್ಲೂ ಪ್ಯಾರಸಿಟಮಾಲ್ 325 ಇತ್ತು, ದಿನಕ್ಕೆರಡು: 650. ಕೂಡಿಸಿದರೆ 4,100 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ 4,000 ದಾಟಬಾರದು, ಕುಡಿಯುವವರಿಗೆ, ಯಕೃತ್ತು ಸೊರಗಿದವರಿಗೆ ಇನ್ನೂ ಕಡಿಮೆ. ಈತ ಸಂಜೆ ಕ್ವಾರ್ಟರ್ ಬಿಡುವವನಲ್ಲ. ಹಾಜರಿ ಪುಸ್ತಕದ ಹಿಂದೆ ಈ ಲೆಕ್ಕ ಬರೆದು ತೋರಿಸಿದಾಗ ‘ಬೇರೆ ಬೇರೆ ಬಣ್ಣ ಇದೆಯಲ್ಲ ರೈಟರೇ’ ಎಂದ. ಯಕೃತ್ತಿನ ಪರೀಕ್ಷೆಗೆ 750 ರೂಪಾಯಿ, ನಾನೇ ಕೊಟ್ಟೆ, ಇನ್ನೂ ವಾಪಸು ಬಂದಿಲ್ಲ. ವರದಿ ಚೆನ್ನಾಗಿತ್ತು, ಅದಕ್ಕೇ ಕೊಡುವುದಿಲ್ಲವಂತೆ. ಪ್ಯಾರಸಿಟಮಾಲ್ ಹೆಚ್ಚಾದರೆ ಮೊದಲ ದಿನ ಮೈಯಲ್ಲಿ ಏನೂ ತೋರದಿರಬಹುದು, ಅಷ್ಟರಲ್ಲಿ ಯಕೃತ್ತು ಕೆಡಲು ಶುರುವಾಗಿರುತ್ತದೆ. ಹೆಚ್ಚು ನುಂಗಿದ್ದು ಗೊತ್ತಾದರೆ ಕಾಯದೆ ಆಸ್ಪತ್ರೆಗೆ ಓಡಬೇಕು, ಅದಕ್ಕೆ ಮದ್ದಿದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಹಾಸನದ ನಿವೃತ್ತ ಉಪನ್ಯಾಸಕರು, ರಸಾಯನಶಾಸ್ತ್ರ:
ಇಷ್ಟೆಲ್ಲ ಮಾತಿನಲ್ಲಿ ಮುಖ್ಯ ಪ್ರಶ್ನೆಯನ್ನೇ ಬಿಟ್ಟಿರಿ. ನುಂಗುವ ಫಿನೈಲೆಫ್ರಿನ್ ಮೂಗನ್ನು ತೆರೆಯುತ್ತದೆಯೇ? 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ ಇಲ್ಲವೆಂದಿತು. 2024ರ ನವೆಂಬರ್‌ನಲ್ಲಿ ಸಂಸ್ಥೆಯೇ ಅದನ್ನು ಕೈಬಿಡುವ ಪ್ರಸ್ತಾಪ ಮುಂದಿಟ್ಟಿತು. ಬಹುಪಾಲು ಕರುಳು, ಯಕೃತ್ತುಗಳಲ್ಲೇ ಒಡೆದುಹೋಗುತ್ತದೆ, ರಕ್ತಕ್ಕೆ ಸೇರುವುದು ಅಲ್ಪ. ನಾವು ಇಷ್ಟು ವರ್ಷ ದುಡ್ಡು ಕೊಟ್ಟು ನುಂಗಿದ್ದೇನು?

ಚಿಕ್ಕಮಗಳೂರಿನ ಔಷಧಿ ಅಂಗಡಿಯವರು:
ಮೇಷ್ಟ್ರೇ, ಅಲ್ಲಿನದು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ, ಅಪಾಯದ ಪ್ರಶ್ನೆಯಲ್ಲ. ಬಿ.ಪಿ. ಇರುವವರು ಕೇಳದೆ ತೆಗೆದುಕೊಳ್ಳಬಾರದು ಎಂಬುದು ಹಾಗೇ ಇದೆ. ನಮ್ಮ ದೇಶದಲ್ಲೂ ಸುಮ್ಮನೆ ಕೂತಿಲ್ಲ. ಇದೇ ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಲೇಬಲ್ ಮೇಲೆ ಮುದ್ರಿಸಲು 2023ರ ಡಿಸೆಂಬರ್‌ನಲ್ಲಿ ಆದೇಶವಾಗಿದೆ. ಆದರೂ ‘ಮಗು ರಾತ್ರಿ ಮಲಗುತ್ತಿಲ್ಲ, ಆ ಡ್ರಾಪ್ಸ್ ಕೊಡಿ’ ಎಂದು ವಾರಕ್ಕೆ ಒಬ್ಬರಾದರೂ ಬರುತ್ತಾರೆ. ಕೊಡುವುದಿಲ್ಲ ಎಂದರೆ ಪಕ್ಕದ ಬೀದಿಗೆ ಹೋಗುತ್ತಾರೆ.

ಸಕಲೇಶಪುರದ ತೋಟದವರು:
ಪಕ್ಕದ ಬೀದಿಯಲ್ಲಿ ಕೊಡುವವನೂ ಔಷಧಿ ಅಂಗಡಿಯವನೇ ಅಲ್ಲವೇ? ನಾನು ಹೇಳಿದ್ದೂ ಅದನ್ನೇ.

ಮೂಡಿಗೆರೆ, ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಇವತ್ತು ನೆಗಡಿ ಮಾತ್ರೆಯನ್ನೂ ಕೊಟ್ಟಿಲ್ಲ, ಸೆಟಿರಿಜಿನ್ನನ್ನೂ ಕೊಟ್ಟಿಲ್ಲ. ಮಧ್ಯಾಹ್ನ ಮೈ ಬಿಸಿಯಾದಾಗ 650 ಒಂದು ಕೊಟ್ಟೆವು, ಅಷ್ಟೇ. ಸೋಮವಾರ ವೈದ್ಯರ ಹತ್ತಿರ ಹೋಗುತ್ತೇವೆ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು. ರಾತ್ರಿ ಏಳುವ ವಿಷಯವನ್ನು ವೈದ್ಯರಿಗೆ ಹೇಳಬೇಡ ಎಂದು ಅಪ್ಪ ಸಿಟ್ಟಾಗಿದ್ದಾರೆ. ಅಮ್ಮ ಹೇಳಿಯೇ ಹೇಳುತ್ತಾರೆ. ಕಣಕ್ಕೆ ಹೋಗುವಾಗ ಮಾಸ್ಕ್ ಹಾಕಿ ಎಂದರೆ ಆಳುಗಳು ನಗುತ್ತಾರಂತೆ.

ಆಲ್ದೂರು ಕಡೆಯ ಎಸ್ಟೇಟ್ ರೈಟರ್:
ನಗಲಿ ಬಿಡಿ. ಸೋಮವಾರದ ತನಕ ಕಾಯುವಾಗ ಮೂತ್ರ ಕಟ್ಟಿದರೆ, ಉಸಿರು ಹಿಡಿದರೆ ವಾರ ನೋಡಬೇಡಿ, ಹೊರಡಿ.

ಕೊಟ್ಟಿಗೆಹಾರದ ಟ್ಯಾಕ್ಸಿ ಚಾಲಕ:
ಗಾಡಿ ಬೇಕಾದರೆ ಹೇಳಿ, ಸಕಲೇಶಪುರದವರು ಕೊಟ್ಟ 2,200 ಬಹಳ ಜಾಸ್ತಿಯಾಯಿತು.

ಸಕಲೇಶಪುರದ ತೋಟದವರು:
ರಾತ್ರಿ ಹನ್ನೊಂದಕ್ಕೆ ನಿಮಗೆ ಫೋನ್ ಮಾಡಿದ್ದರೆ ನೀವು ಎಷ್ಟು ಕೇಳುತ್ತಿದ್ದಿರಿ? ಅದನ್ನು ಮೊದಲು ಬರೆಯಿರಿ.